ಎಚ್ಚರಿಕೆ ಕೊನೆಯ ಮನೆಯನ್ನು ಮುಟ್ಟುವುದೆಂದು?

ಹವಾಮಾನ ವಿಪತ್ತೊಂದರ ಹೆಸರನ್ನೇ ಸರ್ಕಾರಿ ಮುನ್ಸೂಚನೆಯಲ್ಲಿ ಬಳಸಬಾರದೆಂಬ ಕಟ್ಟಳೆ ಅಮೆರಿಕದಲ್ಲಿ ಹಲವು ದಶಕಗಳ ಕಾಲ ಜಾರಿಯಲ್ಲಿತ್ತು. ಆ ಹೆಸರು ‘ಟೊರ್ನಾಡೊ’. 1880ರ ದಶಕದಲ್ಲಿ ಜಾನ್ ಪಾರ್ಕ್ ಫಿನ್ಲೆ ಎಂಬ ಸೇನಾಧಿಕಾರಿ ಈ ಗಾಳಿಯ ಬಗೆಗೆ ದೇಶದ ಮೂಲೆಮೂಲೆಗಳಿಂದ ವಿವರ ಕಲೆಹಾಕಿ ಪ್ರಾಯೋಗಿಕ ಮುನ್ಸೂಚನೆಗಳನ್ನು ಸಿದ್ಧಪಡಿಸಿದ್ದರು. ಆದರೆ ಮೇಲಧಿಕಾರಿಗಳ ಎಣಿಕೆ ಬೇರೆಯಾಗಿತ್ತು. ಆ ಪದ ಕಿವಿಗೆ ಬಿದ್ದರೆ ಜನ ಕಂಗಾಲಾಗುತ್ತಾರೆ, ಗಾಳಿ ಮಾಡುವ ಹಾನಿಗಿಂತ ಗಾಬರಿ ಮಾಡುವ ಹಾನಿಯೇ ಹೆಚ್ಚಾದೀತು ಎಂದು ಅವರು ಭಾವಿಸಿದರು. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್ ಮತ್ತು ಇಂಡಿಯಾನಾ ರಾಜ್ಯಗಳನ್ನು ಸೀಳಿಕೊಂಡು ಹೋದ ಒಂದೇ ಟೊರ್ನಾಡೊಗೆ 695 ಮಂದಿ ಬಲಿಯಾದರು. ಅವರಿಗೆ ಯಾವ ಸೂಚನೆಯೂ ಇರಲಿಲ್ಲ.

1948ರ ಮಾರ್ಚ್ 20ರಂದು ಓಕ್ಲಹೋಮಾದ ಟಿಂಕರ್ ವಾಯುನೆಲೆಯ ಮೇಲೆ ಟೊರ್ನಾಡೊ ಎರಗಿ ಅನೇಕ ವಿಮಾನಗಳನ್ನು ನುಚ್ಚುನೂರು ಮಾಡಿತು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಶ್ ಮತ್ತು ರಾಬರ್ಟ್ ಮಿಲ್ಲರ್ ಅವರಿಗೆ, ಇಂಥ ದಿನವನ್ನು ಮೊದಲೇ ಗುರುತಿಸಲು ಸಾಧ್ಯವೇ ಎಂದು ಪರಿಶೀಲಿಸುವ ಆದೇಶ ದೊರೆಯಿತು. ಐದೇ ದಿನಗಳ ಬಳಿಕ, ಮಾರ್ಚ್ 25ರಂದು, ಹವೆಯ ನಕ್ಷೆ ಮತ್ತೆ ಅದೇ ರೂಪ ತಾಳಿದುದನ್ನು ಕಂಡ ಅವರು ಟೊರ್ನಾಡೊ ಮುನ್ಸೂಚನೆ ಹೊರಡಿಸುವ ಧೈರ್ಯ ಮಾಡಿದರು. ವಿಮಾನಗಳನ್ನು ಭದ್ರಪಡಿಸಲಾಯಿತು. ಅದೇ ಸಂಜೆ ಅದೇ ನೆಲೆಗೆ ಟೊರ್ನಾಡೊ ಅಪ್ಪಳಿಸಿತು, ನಷ್ಟ ಮಾತ್ರ ತಗ್ಗಿತು. 1950ರಲ್ಲಿ ಹವಾಮಾನ ಇಲಾಖೆ ಆ ಪದದ ಮೇಲಿನ ನಿರ್ಬಂಧವನ್ನು ಸಡಿಲಿಸಿತು.

ನಿರ್ಬಂಧ ಹೋಯಿತಾದರೂ ಅದರ ಹಿಂದಿದ್ದ ಮನೋಭಾವ ಇನ್ನೂ ಉಳಿದುಕೊಂಡಿದೆ. ಹೇಳಿದರೆ ಜನ ಗಾಬರಿಯಾಗುತ್ತಾರೆ, ಹೇಳಿದ್ದು ಸುಳ್ಳಾದರೆ ಮುಂದೆ ನಂಬುವುದಿಲ್ಲ, ಆದುದರಿಂದ ಖಚಿತವಾಗುವವರೆಗೂ ಸುಮ್ಮನಿರುವುದು ಲೇಸು ಎಂಬ ಆಡಳಿತದ ತರ್ಕವನ್ನು ಪಶ್ಚಿಮ ಘಟ್ಟದ ಜನ ಪ್ರತಿ ಮಳೆಗಾಲದಲ್ಲಿಯೂ ಎದುರಿಸುತ್ತಿದ್ದಾರೆ. ಟೊರ್ನಾಡೊ ಪೀಡಿತ ನಾಡುಗಳ ಎಪ್ಪತ್ತೈದು ವರ್ಷಗಳ ಅನುಭವ ಈ ತರ್ಕವನ್ನು ಪರೀಕ್ಷೆಗೆ ಒಡ್ಡುತ್ತದೆ. ಬರುವ ಅಪಾಯಕ್ಕೂ ಸಿಗುವ ಸಮಯಕ್ಕೂ ನಡುವಿನ ಅಂತರ ಅತ್ಯಂತ ಕಿರಿದಾಗಿರುವುದು ಟೊರ್ನಾಡೊದಲ್ಲಿ. ಆದುದರಿಂದಲೇ ಎಚ್ಚರಿಕೆಯ ಸರಪಳಿಯಲ್ಲಿ ಯಾವ ಕೊಂಡಿ ದುರ್ಬಲವೆಂಬುದು ಅಲ್ಲಿ ಎದ್ದು ಕಾಣುತ್ತದೆ.

ಹೆಸರಿನಲ್ಲೇ ಗೊಂದಲ

ಕನ್ನಡದ ಪತ್ರಿಕೆಗಳಲ್ಲಿ ‘ಸುಂಟರಗಾಳಿ’ ಎಂಬ ಪದವನ್ನು ಮೂರು ನಾಲ್ಕು ಬಗೆಯ ಗಾಳಿಗಳಿಗೆ ಬಳಸಲಾಗುತ್ತದೆ. ಬೇಸಿಗೆಯ ಬಯಲಿನಲ್ಲಿ ದೂಳು, ತರಗೆಲೆಗಳನ್ನು ಸುತ್ತಿಸುವ ಸುಳಿಗಾಳಿಯೂ ಸುಂಟರಗಾಳಿಯೇ. ಏಪ್ರಿಲ್‌–ಮೇ ತಿಂಗಳ ಗುಡುಗುಮಳೆಯಲ್ಲಿ ಅಡಿಕೆ ತೋಟವನ್ನು ಕೆಡಹುವ ಬಿರುಗಾಳಿಯೂ ಸುಂಟರಗಾಳಿಯೇ. ಕೆಲವೊಮ್ಮೆ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಕ್ಕೂ ಅದೇ ಹೆಸರು. ವಿಜ್ಞಾನದ ದೃಷ್ಟಿಯಲ್ಲಿ ಇವೆಲ್ಲ ಬೇರೆ ಬೇರೆ. ಚಂಡಮಾರುತದ ಹರವು ನೂರಾರು ಕಿಲೋಮೀಟರ್, ಆಯುಸ್ಸು ಹಲವು ದಿನ. ಉಪಗ್ರಹಗಳು ಅದನ್ನು ಹುಟ್ಟಿನಿಂದಲೇ ಹಿಂಬಾಲಿಸುತ್ತವೆ. ಟೊರ್ನಾಡೊ ದೈತ್ಯ ಗುಡುಗುಮೋಡದ ತಳದಿಂದ ನೆಲದವರೆಗೆ ಇಳಿಯುವ ತಿರುಗುವ ಗಾಳಿಯ ಕಂಬ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಆಯುಸ್ಸು ಬಹುಪಾಲು ಕೆಲವೇ ನಿಮಿಷ.

ತೋಟ ಕೆಡಹುವ ಬಿರುಗಾಳಿಯ ಕತೆ ಇನ್ನೊಂದು ಬಗೆಯದು. ಗುಡುಗುಮೋಡದೊಳಗಿನ ತಂಪುಗಾಳಿ ಒಮ್ಮೆಲೇ ಕೆಳಕ್ಕೆ ಸುರಿದು ನೆಲಕ್ಕೆ ಬಡಿದು ನಾಲ್ಕೂ ಕಡೆಗೆ ಹರಡುವುದರಿಂದ ಅಂಥ ಬಿರುಸು ಉಂಟಾಗುತ್ತದೆ. ಇದನ್ನು ಬೇರ್ಪಡಿಸಿ ತೋರಿಸಿದವರು ಜಪಾನಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದುಡಿದ ವಿಜ್ಞಾನಿ ತೆತ್ಸುಯಾ ಫುಜಿತಾ. ಬಿದ್ದ ಮರಗಳ ದಿಕ್ಕನ್ನು ಓದುವುದು ಅವರ ವಿಧಾನವಾಗಿತ್ತು. ಮರಗಳು ಒಂದು ನಡುಬಿಂದುವಿನಿಂದ ಹೊರಮುಖವಾಗಿ ಚೆದುರಿ ಬಿದ್ದಿದ್ದರೆ ಅದು ಮೇಲಿನಿಂದ ಸುರಿದ ಗಾಳಿ. ಕಿರಿದಾದ ಪಟ್ಟಿಯಲ್ಲಿ ಒಳಮುಖವಾಗಿ, ತಿರುಚಿಕೊಂಡಂತೆ ಒರಗಿದ್ದರೆ ಟೊರ್ನಾಡೊ. ತೋಟ ಕಳೆದುಕೊಂಡ ಕೃಷಿಕನೂ ಈ ಪರೀಕ್ಷೆಯನ್ನು ಮಾಡಬಹುದು. ಯಾವ ಗಾಳಿ ಎಂದು ತಿಳಿದರೆ ತಾನೇ ಅದರ ದಾಖಲೆ, ದಾಖಲೆಯಿದ್ದರೆ ತಾನೇ ಮುಂದಿನ ಮುನ್ಸೂಚನೆ!

ಫುಜಿತಾ ಅವರು 1971ರಲ್ಲಿ ರೂಪಿಸಿದ ತೀವ್ರತೆಯ ಮಾಪನವೂ ಇದೇ ಬಗೆಯದು. ಟೊರ್ನಾಡೊದ ಒಡಲಿಗೆ ಉಪಕರಣ ಇಟ್ಟು ವೇಗ ಅಳೆಯುವುದು ಬಹುಮಟ್ಟಿಗೆ ಅಸಾಧ್ಯ. ಆದುದರಿಂದ ಮುರಿದ ಮನೆ, ಮರಗಳನ್ನು ನೋಡಿ ವೇಗವನ್ನು ಅಂದಾಜು ಮಾಡಲಾಗುತ್ತದೆ. 2007ರಿಂದ ಅಮೆರಿಕದಲ್ಲಿ ಇದರ ಪರಿಷ್ಕೃತ ರೂಪ ಬಳಕೆಯಲ್ಲಿದ್ದು, ಅತ್ಯುಚ್ಚ ದರ್ಜೆಯಲ್ಲಿ ಗಾಳಿಯ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು.

ರೇಡಾರ್ ಕಾಣುವುದೆಷ್ಟು?

ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,200ರಷ್ಟು ಟೊರ್ನಾಡೊಗಳು ದಾಖಲಾಗುತ್ತವೆ. ಮೆಕ್ಸಿಕೋ ಕೊಲ್ಲಿಯ ತೇವಭರಿತ ಬಿಸಿಗಾಳಿ ಕೆಳಗೆ, ಪಶ್ಚಿಮದ ಪರ್ವತಗಳ ಕಡೆಯಿಂದ ಬರುವ ಒಣಗಾಳಿ ಮೇಲೆ, ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವ ಸ್ಥಿತಿ: ಈ ಮೂರೂ ಕೂಡಿದಾಗ ಗುಡುಗುಮೋಡವೇ ತನ್ನ ಸುತ್ತ ತಾನು ತಿರುಗತೊಡಗುತ್ತದೆ. ಇಂಥ ದಿನವನ್ನು ಹಿಂದಿನ ದಿನವೇ, ಕೆಲವೊಮ್ಮೆ ಇನ್ನೂ ಮೊದಲೇ ಗುರುತಿಸಬಹುದು. ಆದರೆ ತಿರುಗುವ ಮೋಡಗಳಲ್ಲಿ ಹೆಚ್ಚಿನವು ಟೊರ್ನಾಡೊ ಇಳಿಸುವುದೇ ಇಲ್ಲ. ಯಾವುದು ಇಳಿಸುತ್ತದೆ, ಯಾವ ಊರಿನ ಮೇಲೆ, ಎಷ್ಟು ಹೊತ್ತಿಗೆ ಎಂಬುದನ್ನು ಮುಂಚಿತವಾಗಿ ಹೇಳುವ ಶಕ್ತಿ ವಿಜ್ಞಾನಕ್ಕೆ ಇನ್ನೂ ಬಂದಿಲ್ಲ.

ಡಾಪ್ಲರ್ ರೇಡಾರ್ ಮೋಡದೊಳಗಿನ ತಿರುಗುವಿಕೆಯನ್ನು ಗುರುತಿಸುತ್ತದೆ. ಆದರೆ ಭೂಮಿ ಗುಂಡಗಿದೆ, ಕಿರಣ ನೇರಕ್ಕೆ ಹೋಗುತ್ತದೆ. ರೇಡಾರಿನಿಂದ ನೂರು ಕಿಲೋಮೀಟರ್ ದೂರದಲ್ಲಿ ಅತ್ಯಂತ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದೆಲ್ಲ ಅದಕ್ಕೆ ಅಗೋಚರ. ಬೆಟ್ಟಸಾಲು ಅಡ್ಡವಿದ್ದರೆ ಆಚೆಯ ಕಣಿವೆ ಪೂರ್ತಿ ಕತ್ತಲು. ಈ ಕೊರತೆಯನ್ನು ತುಂಬಲು ಅಮೆರಿಕದ ಹವಾಮಾನ ಸೇವೆ ರೈತರು, ಅಂಚೆಯವರು, ಅಗ್ನಿಶಾಮಕ ದಳದವರು, ಹವ್ಯಾಸಿ ರೇಡಿಯೋ ಬಳಕೆದಾರರನ್ನು ವೀಕ್ಷಕರನ್ನಾಗಿ ತರಬೇತುಗೊಳಿಸಿದೆ. ಅವರ ಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು. ಜಗತ್ತಿನ ಅತ್ಯಂತ ಸುಸಜ್ಜಿತ ರೇಡಾರ್ ಜಾಲವನ್ನು ಹೊಂದಿದ ದೇಶವೂ ಕಣ್ಣಾರೆ ಕಂಡು ಹೇಳುವ ಮನುಷ್ಯನನ್ನು ಬಿಟ್ಟುಕೊಟ್ಟಿಲ್ಲವೆಂಬುದನ್ನು ಗಮನಿಸಬೇಕು.

ಇಷ್ಟೆಲ್ಲ ಇದ್ದೂ ಎಚ್ಚರಿಕೆಗೂ ಟೊರ್ನಾಡೊ ಬಂದೆರಗುವುದಕ್ಕೂ ನಡುವೆ ಸರಾಸರಿ ಸಿಗುವ ಕಾಲ ಹತ್ತರಿಂದ ಹದಿನೈದು ನಿಮಿಷ. ಒಲೆ ಆರಿಸಿ, ಮಕ್ಕಳನ್ನು ಕರೆದುಕೊಂಡು, ಮುದುಕರ ಕೈಹಿಡಿದು ನೆಲಮಾಳಿಗೆಗೆ ಇಳಿಯಲು ಅಷ್ಟು ಸಾಕು. ಇಳಿಯಲು ನೆಲಮಾಳಿಗೆ ಇದ್ದರೆ ಮಾತ್ರ.

ಹುಸಿಯ ಲೆಕ್ಕ

ಹೊರಡಿಸಿದ ಟೊರ್ನಾಡೊ ಎಚ್ಚರಿಕೆಗಳಲ್ಲಿ ಹತ್ತಕ್ಕೆ ಏಳರಷ್ಟು ಹುಸಿಯಾಗುತ್ತವೆ. ಮೋಡ ತಿರುಗಿತು, ರೇಡಾರ್ ಕಂಡಿತು, ಸೈರನ್ ಕೂಗಿತು, ಗಾಳಿ ಇಳಿಯಲಿಲ್ಲ. ಇದನ್ನು ತಗ್ಗಿಸಲು ಎಚ್ಚರಿಕೆಯ ಮಟ್ಟವನ್ನು ಬಿಗಿಗೊಳಿಸಿದರೆ ನಿಜವಾದ ಟೊರ್ನಾಡೊಗಳೇ ತಪ್ಪಿಹೋಗುತ್ತವೆ. ಒಂದನ್ನು ಇಳಿಸಿದರೆ ಇನ್ನೊಂದು ಏರುವ ಈ ತಕ್ಕಡಿಯಿಂದ ಯಾವ ಹವಾಮಾನ ಇಲಾಖೆಗೂ ಬಿಡುಗಡೆಯಿಲ್ಲ. ಎರಡೂ ತಪ್ಪುಗಳ ಬೆಲೆಯನ್ನು ತೂಗಿ, ಯಾವುದನ್ನು ತಾಳಿಕೊಳ್ಳಬಹುದು ಎಂಬುದನ್ನು ಸಮಾಜವೇ ನಿರ್ಧರಿಸಬೇಕಾಗುತ್ತದೆ.

ಈ ಲೆಕ್ಕ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಹೊಸತಲ್ಲ. ಮಳೆ ಹಿಡಿಯುವ ಮುನ್ನ ಅವನು ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ಅವನ ಹಿರಿಯರು ಕೊಟ್ಟೆ ಕಟ್ಟುತ್ತಿದ್ದರು. ಆ ವರ್ಷ ಕೊಳೆರೋಗ ಬಂದೇ ಬರುತ್ತದೆಂಬ ಖಾತರಿ ಅವನಿಗಿರುವುದಿಲ್ಲ. ಬಾರದಿದ್ದರೆ ಸುಣ್ಣ, ಮೈಲುತುತ್ತ, ಮರ ಹತ್ತುವವನ ಕೂಲಿ ಎಲ್ಲವೂ ‘ವ್ಯರ್ಥ’. ಆದರೂ ಯಾರೂ ಆ ಸಿಂಪಡಣೆಯನ್ನು ಹುಸಿಯೆಂದು ಕರೆಯುವುದಿಲ್ಲ. ಸಿಂಪಡಿಸದೆ ಬಿಟ್ಟ ವರ್ಷ ರೋಗ ಬಂದರೆ ಆಗುವ ನಷ್ಟವೆಷ್ಟೆಂಬುದು ಅವನಿಗೆ ಗೊತ್ತು. ಸಂಭವನೀಯತೆಯ ಗಣಿತವನ್ನು ಓದದೆಯೂ ಅದರಂತೆ ನಡೆಯಬಲ್ಲ ಜನರಿಗೆ, ‘ಬರಬಹುದು, ಬಾರದೆಯೂ ಇರಬಹುದು’ ಎಂದು ನೇರವಾಗಿ ಹೇಳಿದರೆ ಅರ್ಥವಾಗುವುದಿಲ್ಲವೆಂದು ಅಧಿಕಾರಿಗಳು ಏಕೆ ಭಾವಿಸಬೇಕು?

ಹೇಗಾದರೂ ಹೇಳಿದರೆ ಸಾಕು ಎಂದೂ ಅಲ್ಲ. 2011ರ ಮೇ 22ರ ಭಾನುವಾರ ಮಿಸೌರಿಯ ಜೋಪ್ಲಿನ್ ಪಟ್ಟಣದಲ್ಲಿ ನಡೆದುದು ಇದಕ್ಕೆ ಸಾಕ್ಷಿ. ಮೊದಲ ಸೈರನ್ ಮೊಳಗಿದ್ದು ಸಂಜೆ 5.11ಕ್ಕೆ. ಟೊರ್ನಾಡೊ ನೆಲಮುಟ್ಟಿದ್ದು 5.34ರ ಸುಮಾರಿಗೆ. ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲಾವಕಾಶವಿತ್ತು. ಆದರೂ ಸುಮಾರು 160 ಮಂದಿ ಸತ್ತರು. ಬಳಿಕ ನಡೆದ ಅಧ್ಯಯನಗಳು ಕಂಡುಕೊಂಡ ಸಂಗತಿ ಸರಳ: ಸೈರನ್ ಕೇಳಿದ ಬಹುಮಂದಿ ಕೂಡಲೇ ಆಶ್ರಯಕ್ಕೆ ಓಡಲಿಲ್ಲ. ಆ ಊರಿನಲ್ಲಿ ಸೈರನ್ ಆಗಾಗ ಕೂಗುತ್ತಿತ್ತು. ಜನ ಟಿವಿ ಹಾಕಿದರು, ಬಾಗಿಲಿಗೆ ಬಂದು ಆಕಾಶ ನೋಡಿದರು, ನೆಂಟರಿಗೆ ಫೋನು ಮಾಡಿದರು. ಎರಡನೆಯ ಸುಳಿವಿಗಾಗಿ ಕಾದರು. ಮಳೆಯ ಪರದೆಯೊಳಗೆ ಅಡಗಿದ್ದ ಆ ಗಾಳಿ ಹಲವರ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು.

ಹಾಗಾದರೆ 1880ರ ದಶಕದ ಅಧಿಕಾರಿಗಳು ಅಂಜಿದ ಆ ಗಾಬರಿ ಎಲ್ಲಿ ಹೋಯಿತು? ಎಚ್ಚರಿಕೆ ಕೇಳಿದ ಮನುಷ್ಯ ದಿಕ್ಕೆಟ್ಟು ಓಡುವುದಕ್ಕಿಂತ ಹೆಚ್ಚಾಗಿ, ನಿಂತು ಖಚಿತಪಡಿಸಿಕೊಳ್ಳಲು ನೋಡುತ್ತಾನೆ. ಅದು ಮನುಷ್ಯ ಸಹಜವಾದ ವಿವೇಕ. ಎಚ್ಚರಿಕೆಯ ವ್ಯವಸ್ಥೆ ಆ ಎರಡನೆಯ ಸುಳಿವನ್ನು ಬೇಗ ಒದಗಿಸಬೇಕು. ಜೋಪ್ಲಿನ್ ದುರಂತದ ನಂತರ, 2012ರಿಂದ, ಅಮೆರಿಕದ ಹವಾಮಾನ ಸೇವೆ ತನ್ನ ಎಚ್ಚರಿಕೆಗಳಲ್ಲಿ ಏನಾಗಬಹುದೆಂಬುದನ್ನು ಮಾತಿನಲ್ಲಿಯೇ ವಿವರಿಸುವ ಕ್ರಮವನ್ನು ಪ್ರಯೋಗಕ್ಕೆ ತಂದಿತು. ಅದಕ್ಕೂ ಮೊದಲು, 2007ರಲ್ಲಿ, ಇಡೀ ಜಿಲ್ಲೆಗೆ ಎಚ್ಚರಿಕೆ ಕೊಡುವುದನ್ನು ಬಿಟ್ಟು ಬಿರುಗಾಳಿಯ ದಾರಿಯಲ್ಲಿರುವ ಪ್ರದೇಶದ ಸುತ್ತ ಮಾತ್ರ ಗೆರೆ ಎಳೆಯುವ ಪದ್ಧತಿಗೆ ಬದಲಾಗಿತ್ತು. ‘ನಿಮ್ಮ ಜಿಲ್ಲೆಯಲ್ಲಿ’ ಎಂಬುದಕ್ಕೂ ‘ನಿಮ್ಮ ಊರಿನ ಮೇಲೆ’ ಎಂಬುದಕ್ಕೂ ಇರುವ ಅಂತರವನ್ನು ಕೇಳುವವನು ಬಲ್ಲ.

ತಿಳಿದರೂ ಹೊರಡಲಾಗದವರು

2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿ ರಾಜ್ಯದ ಮೇಫೀಲ್ಡ್ ಪಟ್ಟಣವನ್ನು ಹಾದುಹೋದ ಟೊರ್ನಾಡೊ 260 ಕಿಲೋಮೀಟರಿಗೂ ಉದ್ದದ ಹಾದಿಯಲ್ಲಿ 57 ಮಂದಿಯನ್ನು ಕೊಂದಿತು. ಮುನ್ಸೂಚನೆ ಇತ್ತು, ಎಚ್ಚರಿಕೆಯೂ ಇತ್ತು. ಆ ಪಟ್ಟಣದ ಮೇಣದಬತ್ತಿ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಯ 110ರಷ್ಟು ಕಾರ್ಮಿಕರಿದ್ದರು. ಕ್ರಿಸ್‌ಮಸ್ ಹತ್ತಿರವಾದ್ದರಿಂದ ಕೆಲಸ ಭರದಿಂದ ಸಾಗಿತ್ತು. ಅವರಲ್ಲಿ ಒಂಬತ್ತು ಮಂದಿ ಸತ್ತರು. ಪಾಳಿ ಬಿಟ್ಟು ಹೊರಟರೆ ಕೆಲಸ ಹೋದೀತೆಂದು ಮೇಲ್ವಿಚಾರಕರು ಹೇಳಿದ್ದರೆಂಬುದು ಬದುಕುಳಿದ ಕೆಲವು ಕಾರ್ಮಿಕರ ಆರೋಪ. ಕಾರ್ಖಾನೆಯವರು ಅದನ್ನು ನಿರಾಕರಿಸಿದರು. ವಾದ ಏನೇ ಇರಲಿ, ಕೂಲಿಯ ಚಿಂತೆಯಿರುವವನಿಗೆ ಸೈರನ್ನಿನ ಸದ್ದು ಬೇರೆಯದೇ ಅರ್ಥ ಕೊಡುತ್ತದೆಂಬುದು ನಿರ್ವಿವಾದ.

ಅಮೆರಿಕದಲ್ಲಿ ಬಡವರು ಹೆಚ್ಚಾಗಿ ವಾಸಿಸುವ, ಅಡಿಪಾಯವಿಲ್ಲದ ಹಗುರ ಸಿದ್ಧಮನೆಗಳಿವೆ. ಒಟ್ಟು ಮನೆಗಳಲ್ಲಿ ಅವುಗಳ ಪಾಲು ಶೇಕಡಾ ಆರರ ಆಸುಪಾಸು. ಆದರೆ ಟೊರ್ನಾಡೊದಿಂದ ಮನೆಯೊಳಗೆ ಸಾಯುವವರಲ್ಲಿ ಅರ್ಧದಷ್ಟು ಮಂದಿ ಅಂಥ ಮನೆಗಳವರು. ಅವರಿಗೆ ಬರುವ ಎಚ್ಚರಿಕೆ, ನೆಲಮಾಳಿಗೆಯಿರುವವರಿಗೆ ಬರುವ ಎಚ್ಚರಿಕೆ, ಎರಡೂ ಒಂದೇ ಕ್ಷಣದಲ್ಲಿ ಒಂದೇ ಫೋನಿನಲ್ಲಿ ಬರುತ್ತವೆ. ಒಬ್ಬನಿಗೆ ಮೆಟ್ಟಿಲು ಇಳಿಯುವ ಕೆಲಸ, ಇನ್ನೊಬ್ಬನಿಗೆ ಹೋಗಲು ಜಾಗವೇ ಇಲ್ಲ. ರಾತ್ರಿಯ ಟೊರ್ನಾಡೊಗಳು ಹಗಲಿನವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಮಾರಕವಾಗಿರುವುದೂ ಇದನ್ನೇ ಹೇಳುತ್ತದೆ: ನಿದ್ರಿಸುವವನನ್ನು ಎಬ್ಬಿಸುವವರು ಬೇಕು.

ಬಂಗಾಳದ ಎರಡು ಪಾಠಗಳು

ಟೊರ್ನಾಡೊ ಅಮೆರಿಕದ ಸಮಸ್ಯೆಯೆಂದು ತಿಳಿಯುವುದು ತಪ್ಪು. ದಾಖಲೆಯಲ್ಲಿರುವ ಅತ್ಯಂತ ಮಾರಕ ಟೊರ್ನಾಡೊ ಎರಗಿದ್ದು ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಅದು ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಮೇ 1996ರಲ್ಲಿ ಟಾಂಗೈಲ್ ಸುತ್ತಮುತ್ತ ಇನ್ನೊಂದು ಟೊರ್ನಾಡೊ ನೂರಾರು ಜನರನ್ನು ಕೊಂದಿತು. ಅಮೆರಿಕದ ಟೊರ್ನಾಡೊಗಳಷ್ಟೇ ಬಲದ ಗಾಳಿ, ಆದರೆ ತಗಡು, ಬಿದಿರು, ಮಣ್ಣಿನ ಮನೆಗಳು, ಒತ್ತೊತ್ತಾದ ಜನವಸತಿ. ಹಾರಿಬಂದ ತಗಡಿನ ಹಾಳೆಗಳೇ ಕತ್ತಿಗಳಾದವು.

ಭಾರತದಲ್ಲಿಯೂ ಇದು ಅಪರೂಪವಾದರೂ ಅಪರಿಚಿತವಲ್ಲ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ ಟೊರ್ನಾಡೊದಿಂದ 28 ಮಂದಿ ಸತ್ತರು. 2009ರ ಮಾರ್ಚ್ 31ರಂದು ಒಡಿಶಾದ ಕೇಂದ್ರಪಾರಾ ಜಿಲ್ಲೆಯ ರಾಜಕನಿಕಾ ಭಾಗದಲ್ಲಿ, 2024ರ ಅದೇ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯ್‌ಗುಡಿ ಜಿಲ್ಲೆಯ ಮೈನಾಗುಡಿ ಭಾಗದಲ್ಲಿ ಕೆಲವೇ ನಿಮಿಷಗಳಲ್ಲಿ ಊರುಗಳು ನೆಲಸಮವಾದವು. ‘ಕಾಲ್‌ಬೈಶಾಖಿ’ ಎಂದು ಬಂಗಾಳಿಗಳು ಕರೆಯುವ ಬೇಸಿಗೆಯ ಗುಡುಗುಬಿರುಗಾಳಿಗಳ ಕಾಲವದು. ಗುಡುಗು ಬಿರುಗಾಳಿ ಬರಬಹುದೆಂಬ ಸಾಮಾನ್ಯ ಸೂಚನೆಗೂ ಒಂದು ನಿರ್ದಿಷ್ಟ ಊರಿನ ಮೇಲಿನ ಟೊರ್ನಾಡೊ ಎಚ್ಚರಿಕೆಗೂ ನಡುವಿನ ಕಂದಕ ಅಲ್ಲಿ ಇನ್ನೂ ಮುಚ್ಚಿಲ್ಲ.

ಅದೇ ಬಾಂಗ್ಲಾದೇಶ ಇನ್ನೊಂದು ಪಾಠವನ್ನೂ ಕಲಿಸುತ್ತದೆ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ ಮೂರು ಲಕ್ಷ ಮಂದಿ ಸತ್ತರು. 1972ರಲ್ಲಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಆರಂಭವಾಯಿತು. ಇಂದು ಅದರಲ್ಲಿ 70,000ಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. ಅವರ ಉಪಕರಣಗಳು ರೇಡಿಯೋ, ಧ್ವನಿವರ್ಧಕ, ಕೈಯಿಂದ ತಿರುಗಿಸುವ ಸೈರನ್, ಬಾವುಟ ಮತ್ತು ಸೈಕಲ್. ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು. 1991ರ ಚಂಡಮಾರುತದಲ್ಲಿ ಸುಮಾರು 1,38,000 ಜನ ಸತ್ತಿದ್ದರೆ 2007ರ ‘ಸಿಡ್ರ್’ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. ಈ ಇಳಿಕೆಯಲ್ಲಿ ಉಪಗ್ರಹಕ್ಕೆ ಎಷ್ಟು ಪಾಲಿದೆಯೋ, ಬಾಗಿಲು ತಟ್ಟಿದ ಸ್ವಯಂಸೇವಕನಿಗೂ, ಹೋಗಿ ನಿಲ್ಲಲು ಇದ್ದ ಗಟ್ಟಿ ಕಟ್ಟಡಕ್ಕೂ ಅಷ್ಟೇ ಪಾಲಿದೆ. ಬಡದೇಶವೂ ಎಚ್ಚರಿಕೆಯನ್ನು ಕೊನೆಯ ಮನೆಯವರೆಗೆ ಒಯ್ಯಬಲ್ಲದು.

ಘಟ್ಟದ ಕಣಿವೆಗಳಲ್ಲಿ

ಪಶ್ಚಿಮ ಘಟ್ಟದಲ್ಲಿ ಟೊರ್ನಾಡೊದ ಭೀತಿ ದೊಡ್ಡದಲ್ಲ. ಇಲ್ಲಿಯ ಭೀತಿ ಗುಡ್ಡ ಜರಿಯುವುದು, ಹೊಳೆ ಉಕ್ಕುವುದು, ಸಿಡಿಲು. ಆದರೆ ಎಚ್ಚರಿಕೆಯ ಸಮಸ್ಯೆ ಸ್ವರೂಪದಲ್ಲಿ ಒಂದೇ. ಅಪಾಯದ ದಿನವನ್ನು ಮೊದಲೇ ಗುರುತಿಸಬಹುದು. ಯಾವ ಗುಡ್ಡ, ಯಾವ ಗಳಿಗೆ ಎಂದು ಹೇಳಲಾಗದು. ಕುಸಿತ ಶುರುವಾದ ಮೇಲೆ ಉಳಿಯುವುದು ನಿಮಿಷಗಳು ಮಾತ್ರ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಹೋದವು. ಮರುದಿನವೇ ಎಚ್ಚರಿಕೆಯ ಬಗೆಗೆ ವಾಗ್ವಾದ ಆರಂಭವಾಯಿತು. ವಾರ ಮೊದಲೇ ರಾಜ್ಯಕ್ಕೆ ಎಚ್ಚರಿಕೆ ನೀಡಲಾಗಿತ್ತೆಂದು ಕೇಂದ್ರ ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ಅಂದು ಇದ್ದದ್ದು ಕಿತ್ತಳೆ ಸೂಚನೆ, ಕೆಂಪು ಸೂಚನೆ ಬಂದದ್ದು ಕುಸಿತವಾದ ಮೇಲೆ ಎಂದು ಕೇರಳದ ಮುಖ್ಯಮಂತ್ರಿಗಳು ಉತ್ತರಿಸಿದರು. ಬಣ್ಣದ ಬಗೆಗಿನ ಈ ಜಗಳದಲ್ಲಿ ಮುಖ್ಯ ಪ್ರಶ್ನೆ ಮರೆಯಾಯಿತು: ಯಾವ ಬಣ್ಣವೇ ಬರಲಿ, ಆ ರಾತ್ರಿ ಮುಂಡಕ್ಕೈಯ ಎಸ್ಟೇಟ್ ಪಾಡಿಗಳಲ್ಲಿ ಮಲಗಿದ್ದ ಕಾರ್ಮಿಕ ಕುಟುಂಬಗಳನ್ನು ಎಬ್ಬಿಸಿ ಕರೆದೊಯ್ಯುವ ಹೊಣೆ ಯಾರದಾಗಿತ್ತು?

ಕಲ್ಪೆಟ್ಟದ ಹ್ಯೂಮ್ ಕೇಂದ್ರವು ವಯನಾಡಿನಲ್ಲಿ ರೈತರು, ಸ್ಥಳೀಯರ ನೆರವಿನಿಂದ ಮಳೆಮಾಪಕಗಳ ದಟ್ಟ ಜಾಲವೊಂದನ್ನು ನಡೆಸುತ್ತಿದೆ. ಕುಸಿತದ ಪ್ರದೇಶಕ್ಕೆ ಹತ್ತಿರದ ಮಾಪಕದಲ್ಲಿ 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ದಾಖಲಾಗಿತ್ತು. ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಅಪಾಯವನ್ನು ತಿಳಿಸಿದ್ದಾಗಿ ಕೇಂದ್ರ ಹೇಳಿದೆ. ದೂರದ ರೇಡಾರಿಗೆ ಕಾಣದ ಕಣಿವೆಯ ಮಳೆ ಸ್ಥಳೀಯ ಮಾಪಕಕ್ಕೆ ಕಂಡಿತ್ತು. ಅಮೆರಿಕದ ಬಯಲಿನ ವೀಕ್ಷಕ ಮಾಡುವ ಕೆಲಸವನ್ನು ಇಲ್ಲಿ ಮಳೆಮಾಪಕ ಹಿಡಿದ ರೈತ ಮಾಡಿದ್ದ. ಅಳತೆಯಿಂದ ಆದೇಶದವರೆಗಿನ ಕೊಂಡಿ ಮಾತ್ರ ಕಟ್ಟಿರಲಿಲ್ಲ.

ಕರ್ನಾಟಕದ ಸ್ಥಿತಿ ಇದಕ್ಕಿಂತ ಭಿನ್ನವೆನ್ನಲು ಕಾರಣವಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಭಾಗಗಳಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡಗಳು ಜರಿದವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಇದು ಹೆಮ್ಮೆಪಡಬೇಕಾದ ಸಾಧನೆ. ಆದರೆ ಜನರ ಕಿವಿಗೆ ಬೀಳುವ ಸೂಚನೆ ಇಂದಿಗೂ ಬಹುಮಟ್ಟಿಗೆ ಜಿಲ್ಲೆಯ ಲೆಕ್ಕದ್ದು. ಉತ್ತರ ಕನ್ನಡದ ವಿಸ್ತೀರ್ಣ 10,000 ಚದರ ಕಿಲೋಮೀಟರಿಗೂ ಹೆಚ್ಚು. ಕಾರವಾರದ ಕಡಲಂಚಿಗೂ, ಸಿದ್ದಾಪುರದ ಘಟ್ಟಕ್ಕೂ, ಮುಂಡಗೋಡಿನ ಬಯಲಿಗೂ ಒಂದೇ ‘ಕಿತ್ತಳೆ’ ಬಣ್ಣ ಬಳಿದರೆ ಕೇಳಿದವನು ಏನು ಮಾಡಬೇಕು? ಆ ಬಣ್ಣದಿಂದ ಇಂದು ಸಾಮಾನ್ಯವಾಗಿ ತಿಳಿಯುವುದು ಶಾಲೆಗೆ ರಜೆ ಇದೆಯೇ ಇಲ್ಲವೇ ಎಂಬುದು. 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಹೆಚ್ಚಿನ ಮಳೆಯನ್ನು ‘ಅತಿ ತೀವ್ರ’ವೆಂದು ಇಲಾಖೆ ವರ್ಗೀಕರಿಸುತ್ತದೆ. ಆಗುಂಬೆಯಂಥ ಕಡೆ ಅಷ್ಟು ಮಳೆಯನ್ನು ಹಳೆಯ ಕಾಡು ಹೊತ್ತ ಇಳಿಜಾರು ತಾಳಿಕೊಂಡೀತು. ರಸ್ತೆಗಾಗಿ ಬುಡ ಕತ್ತರಿಸಿದ ಗುಡ್ಡ ಅದರ ಅರ್ಧಕ್ಕೇ ಜಾರೀತು. ಮಳೆಯ ಅಂಕಿಯೊಂದೇ ಅಪಾಯವನ್ನು ಹೇಳದು. ನೆಲದ ಚರಿತ್ರೆಯೂ ಬೇಕು. ಅದು ಊರಿನವರಿಗೆ ಗೊತ್ತಿರುತ್ತದೆ.

2023ರಲ್ಲಿ ದೇಶದಾದ್ಯಂತ ಮೊಬೈಲ್ ಫೋನುಗಳಲ್ಲಿ ಏಕಕಾಲಕ್ಕೆ ಎಚ್ಚರಿಕೆ ಮೊಳಗಿಸುವ ಪ್ರಯೋಗ ನಡೆಯಿತು. ಸ್ವಾಗತಾರ್ಹವೇ. ಆದರೆ ಪುಷ್ಯ, ಆಶ್ಲೇಷಾ ಮಳೆಯ ಅಬ್ಬರದಲ್ಲಿ ಮೊದಲು ಹೋಗುವುದು ವಿದ್ಯುತ್ತು, ಅದರ ಬೆನ್ನಿಗೆ ಮೊಬೈಲ್ ಗೋಪುರ. ಎಚ್ಚರಿಕೆ ಅತ್ಯಂತ ಅಗತ್ಯವಾಗುವ ರಾತ್ರಿಯೇ ಫೋನು ಮೂಕವಾಗುವ ಊರುಗಳು ಘಟ್ಟದಲ್ಲಿ ಸಾಕಷ್ಟಿವೆ.

ಆಗಬೇಕಾದದ್ದು

ಈ ಅನುಭವಗಳೆಲ್ಲ ಒಂದೇ ತೀರ್ಮಾನದತ್ತ ಬೆರಳು ತೋರುತ್ತವೆ. ಉಪಕರಣಗಳಿಗೆ ಹಣ ಹಾಕುವುದು ಸರಿ. ಆದರೆ ಎಚ್ಚರಿಕೆ ಕೇಳಿದವನಿಗೆ ನಂಬಲು ಎರಡನೆಯ ಸುಳಿವು, ಹೋಗಲು ಒಂದು ಜಾಗ, ಹೊರಡಲು ಸ್ವಾತಂತ್ರ್ಯ ಇಲ್ಲದಿದ್ದರೆ ಆ ಉಪಕರಣಗಳು ದುರಂತದ ನಂತರ ತನಿಖಾ ವರದಿಗೆ ಅಂಕಿ ಒದಗಿಸಲಷ್ಟೇ ಉಪಯುಕ್ತ.

ಮೊದಲನೆಯದು, ಊರಿನ ಅಳತೆ. ಕಾಫಿ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟುಗಳ ಲೆಕ್ಕದಲ್ಲಿ ಮಳೆ ಬರೆದಿಡುವ ರೂಢಿಯಿದೆ. ಪ್ರತಿ ಕಣಿವೆಯಲ್ಲಿ ಅಂಥ ಒಂದು ಮಾಪಕ, ಅದನ್ನು ಓದುವ ಇಬ್ಬರು, ಎಷ್ಟು ಮಳೆಯಾದರೆ ಯಾವ ಮನೆಗಳು ತೆರವಾಗಬೇಕೆಂಬ ಮೊದಲೇ ಆದ ಒಪ್ಪಂದ ಇರಬೇಕು. ರಾಜಧಾನಿಯ ಆದೇಶಕ್ಕೆ ಕಾಯದೆ ಪಂಚಾಯತಿಯೇ ತೆರವು ಘೋಷಿಸುವ ಅಧಿಕಾರ ಹೊಂದಿರಬೇಕು.

ಎರಡನೆಯದು, ಜಾಗ. ಗಂಜಿ ಕೇಂದ್ರವೆಂದು ಕಡೆಗಳಿಗೆಯಲ್ಲಿ ಶಾಲೆಯ ಬೀಗ ಹುಡುಕುವುದಲ್ಲ. ಆ ಶಾಲೆ ತಾನೇ ಜರಿಯುವ ಗುಡ್ಡದ ಬುಡದಲ್ಲಿದೆಯೇ ಎಂದು ಬೇಸಿಗೆಯಲ್ಲಿಯೇ ನೋಡಿ, ಕೀಲಿಕೈ ಯಾರ ಬಳಿ ಎಂಬುದನ್ನು ಊರಿಗೆಲ್ಲ ತಿಳಿಸಿರಬೇಕು. ದನಕರುಗಳಿಗೂ ಅಲ್ಲಿ ನೆಲೆ ಇರಬೇಕು. ಕೊಟ್ಟಿಗೆಯಲ್ಲಿ ಹಸು ಕಟ್ಟಿಬಿಟ್ಟು ಹೊರಡುವ ರೈತ ವಿರಳ.

ಮೂರನೆಯದು, ಕೂಲಿ. ತೆರವಿನ ದಿನಗಳಿಗೆ ಲೈನ್‌ಮನೆಯ ಕಾರ್ಮಿಕನಿಗೂ, ದಿನಗೂಲಿಯವನಿಗೂ ಸಂಬಳ ದೊರೆಯಬೇಕು. ಅಪಾಯವನ್ನು ಹುಸಿಯೆಂದು ಹಳಿಯುವಂತೆ ಮಾಡುವುದು ಬಹಳ ಸಲ ಆ ದಿನ ಕಳೆದುಕೊಂಡ ಕೂಲಿ. ಅದನ್ನು ತುಂಬಿಕೊಟ್ಟರೆ ಹುಸಿ ಎಚ್ಚರಿಕೆಯ ಬೆಲೆಯನ್ನು ಬಡವನ ಹೆಗಲಿನಿಂದ ಸಮಾಜ ತನ್ನ ಹೆಗಲಿಗೆ ತೆಗೆದುಕೊಂಡಂತಾಗುತ್ತದೆ.

ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪ ಬರುತ್ತದೆ. ಪ್ರತಿ ದುರಂತದ ಬಳಿಕ ಘೋಷಣೆಯಾಗುವ ಪರಿಹಾರಧನವನ್ನು ಒಟ್ಟುಗೂಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಎಚ್ಚರಿಕೆಯ ಮಾತಾಡುತ್ತ ಗುಡ್ಡ ಅಗೆಯುವುದನ್ನು ಮರೆಸಲಾಗುತ್ತಿದೆ ಎಂಬ ಇನ್ನೊಂದು ಆಕ್ಷೇಪ ಪರಿಸರ ಚಳವಳಿಯ ಒಳಗಿನಿಂದಲೇ ಕೇಳಿಬರುತ್ತದೆ. ಅದರಲ್ಲಿ ಸತ್ಯವಿದೆ. ಟೊರ್ನಾಡೊವನ್ನು ಮನುಷ್ಯ ತಡೆಯಲಾರ. ಗುಡ್ಡದ ಬುಡ ಕತ್ತರಿಸುವುದನ್ನು ತಡೆಯಬಲ್ಲ. ಆದರೆ ಕತ್ತರಿಸಿಯಾಗಿರುವ ಗುಡ್ಡಗಳ ಕೆಳಗೆ ಇವತ್ತು ರಾತ್ರಿ ಮಲಗುವವರಿದ್ದಾರೆ. ಅಲ್ಲಿಯ ಕಾಡು ಮರಳಿ ಬೆಳೆಯುವವರೆಗೆ ಅವರು ಕಾಯಲಾಗದು. ಎರಡೂ ಹೋರಾಟಗಳು ಜೊತೆಯಲ್ಲಿಯೇ ಸಾಗಬೇಕು.

ಮುಂದಿನ ಮುಂಗಾರಿಗೆ ಮುನ್ನ ಪ್ರತಿ ಊರಿನ ಪರಿಸರ ಬಳಗ ಒಂದು ಸಂಜೆ ಕುಳಿತು ಒಂದು ಹಾಳೆ ಬರೆಯಬಹುದು. ಯಾವ ಮನೆಗಳು ಅಪಾಯದಲ್ಲಿವೆ, ಯಾರಿಗೆ ನಡೆಯಲಾಗದು, ಯಾರಿಗೆ ಕಿವಿ ಕೇಳದು, ಕತ್ತಲಲ್ಲಿ ಅವರ ಬಾಗಿಲು ತಟ್ಟುವವರು ಯಾರು, ಅವರು ಊರಲ್ಲಿಲ್ಲದಿದ್ದರೆ ಮತ್ತಾರು. ಆ ಹಾಳೆಯಲ್ಲಿ ಪ್ರತಿ ಮನೆಯ ಮುಂದೆ ಒಂದು ಹೆಸರು ಇರಬೇಕು.